ಪೇಟಿಗೆ ಸಿಗದ ಗಾಂಧಾರ: ಓದುಗರ ಸ್ವರ ಸಂದೇಹಗಳಿಗೆ ಉತ್ತರ

ನಮ್ಮ ಜನಪದ ಹಾಡಿನ ಸ್ವರಗಳು, ಹೊರದೇಶದ ಜನಪದ ಸಂಗೀತದ ಸ್ವರಗಳು, ಇವೆರಡರ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸ್ವರದ ಹೆಸರುಗಳು ಹಿಂದೂಸ್ತಾನಿ ರೂಢಿಯವು: ಶುದ್ಧ, ಕೋಮಲ, ತೀವ್ರ. ರಾಗದ ಹೆಸರು ಬಂದಲ್ಲಿ ಕರ್ನಾಟಕ ಪದ್ಧತಿಯ ಹೆಸರನ್ನೂ ಕೊಟ್ಟಿದ್ದೇವೆ. ಅಂತರ ಅಳೆಯಲು ಸೆಂಟ್ ಬಳಸಿದ್ದೇವೆ. ಷಡ್ಜದಿಂದ ಮೇಲಿನ ಷಡ್ಜಕ್ಕೆ 1200 ಸೆಂಟ್. ಪೇಟಿಯ (ಹಾರ್ಮೋನಿಯಂನ) ಒಂದು ಕೀಯಿಂದ ಪಕ್ಕದ ಕೀಗೆ 100. ಬ್ರಿಟನ್ನಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಬೇರೆ ಬೇರೆ ದೇಶಗಳ ಸ್ವರಸಾಲುಗಳನ್ನು ಹೋಲಿಸಿ ಬರೆದ ಪ್ರಬಂಧದಿಂದ ಈ ಅಳತೆ ಪ್ರಚಾರಕ್ಕೆ ಬಂತು.

ನಮ್ಮ ಭಜನಾ ಮಂಡಳಿಯಾಗ ಒಬ್ಬ ಹಿರೇರು ತತ್ವಪದ ಹಾಡ್ತಾರ. ಏಕತಾರಿ ಮ್ಯಾಲೆ ಹಾಡಿದ್ರ ಕೇಳಾಕ ಭಾಳ ಚಂದ. ನಾನು ಪೇಟಿ ಹಿಡಿದ್ರ ಗಾಂಧಾರ ಬಂದಲ್ಲೆಲ್ಲ ಕೂಡೂದಿಲ್ಲ. ಕೋಮಲ ಒತ್ತಿದ್ರ ಕೆಳಗಾಗ್ತದ, ಶುದ್ಧ ಒತ್ತಿದ್ರ ಮ್ಯಾಲಾಗ್ತದ. ಸೂರು ತಪ್ಪಿದ್ದು ಯಾರ್ದು?
— ಪೇಟಿ ನುಡಿಸುವವರು, ಸಿಂಧನೂರು

ಹಿರಿಯರದೂ ಅಲ್ಲ, ನಿಮ್ಮ ಬೆರಳಿನದೂ ಅಲ್ಲ. ಅವರು ಹಾಡುವ ಸ್ವರ ನಿಮ್ಮ ಪೇಟಿಯೊಳಗೆ ಇಲ್ಲ.

ಪೇಟಿಯಲ್ಲಿ ಷಡ್ಜದಿಂದ ಕೋಮಲ ಗಾಂಧಾರ 300 ಸೆಂಟ್, ಶುದ್ಧ ಗಾಂಧಾರ 400. ನಡುವೆ ಏನೂ ಇಲ್ಲ. ತಂಬೂರಿ ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರೊಳಗೆ ತಾನಾಗಿ ಕೇಳುವ ಗಾಂಧಾರ 386 ಸೆಂಟಿನದು. ಹಾಗಾಗಿ ಪೇಟಿಯ ಶುದ್ಧ ಗಾಂಧಾರ ಮೊದಲೇ 14 ಸೆಂಟ್ ಏರಿದೆ. ಪೇಟಿಯ ನಡುವಿನ ಬಿಳಿ ಒಂದನ್ನು (ಎರಡು ಕರಿ ಕೀಗಳ ಗುಂಪಿನ ಎಡಕ್ಕಿರುವ ಬಿಳಿ ಕೀ) ಷಡ್ಜ ಮಾಡಿಕೊಂಡರೆ ತಂಬೂರಿಯ ಗಾಂಧಾರ 327 ಹರ್ಟ್ಸ್, ಪೇಟಿಯದು 329.6. ಎರಡೂ ಒಟ್ಟಿಗೆ ನಿಂತಾಗ ಸೆಕೆಂಡಿಗೆ ಎರಡೂವರೆ ಸಲ ದನಿ ನಡುಗುತ್ತದೆ. ಆದರೆ ನಿಮ್ಮ ಹಿರಿಯರ ಸ್ವರ ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಂದು ಬರೆದಿದ್ದೀರಿ. ಅದು 350ರ ಆಸುಪಾಸು ಇದ್ದರೆ ಯಾವ ಕೀ ಒತ್ತಿದರೂ 50 ಸೆಂಟ್, ಅಂದರೆ ಅರ್ಧ ಕೀಯಷ್ಟು ದೂರ ಉಳಿಯುತ್ತದೆ. ಅದು ಕಿವಿಗೆ ಚುಚ್ಚಿಯೇ ಚುಚ್ಚುತ್ತದೆ.

ಈ ನಡುವಿನ ಗಾಂಧಾರವನ್ನು ಸೂರು ತಪ್ಪಿದ್ದೆಂದು ತಿದ್ದಬೇಡಿ ಎಂಬುದೇ ನಮ್ಮ ಮೊದಲ ಕೋರಿಕೆ. ಅರಬ್ ದೇಶಗಳ ‘ರಾಸ್ತ್’ ಎಂಬ ಮಖಾಮ್ (ನಮ್ಮ ರಾಗದಂಥದ್ದು) ನಿಂತಿರುವುದೇ ಸುಮಾರು 350 ಸೆಂಟಿನ ಗಾಂಧಾರದ ಮೇಲೆ. ತುರ್ಕಿಯ ಹಳ್ಳಿಗಳಲ್ಲಿ ನುಡಿಸುವ ಬಾಗ್ಲಾಮಾ ಎಂಬ ತಂತಿವಾದ್ಯದ ಮೆಟ್ಟಿಲುಗಳು ನೈಲಾನ್ ದಾರದಲ್ಲಿ ಕಟ್ಟಿದವು. ನುಡಿಸುವವರು ತಮ್ಮ ಸೀಮೆಯ ಧಾಟಿಗೆ ತಕ್ಕಂತೆ ಅವನ್ನು ಅತ್ತಿತ್ತ ಸರಿಸಿಕೊಳ್ಳುತ್ತಾರೆ. ಇರಾನಿನಲ್ಲಿ ಇಂಥ ಅರೆ ಇಳಿಕೆಗೆ ‘ಕೊರೊನ್’ ಎಂಬ ಚಿಹ್ನೆಯನ್ನೇ ಅಲೀನಖೀ ವಜೀರಿ ರೂಪಿಸಿದರು. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡಿನಲ್ಲೂ ಗಾಂಧಾರ ಎರಡು ಕೀಗಳ ನಡುವೆಯೇ ಓಡಾಡುತ್ತದೆ. ಇಷ್ಟು ಜನ ಇದನ್ನು ಬೇಕೆಂದೇ ಹಾಡುತ್ತಾರೆ.

ಇನ್ನು ನೀವು ಮಾಡಬೇಕಾದ್ದು. ಹಾಡು ನಡೆಯುವಾಗ ಷಡ್ಜ, ಪಂಚಮ ಎರಡನ್ನು ಮಾತ್ರ ಒತ್ತಿ ಹಿಡಿಯಿರಿ. ಹಾಡು ಮಧ್ಯಮದ ಮೇಲೆ ಹೆಚ್ಚು ನಿಲ್ಲುತ್ತಿದ್ದರೆ ಪಂಚಮ ಬಿಟ್ಟು ಮಧ್ಯಮ ಹಿಡಿಯಿರಿ. ಹಾಡಿನ ಹಿಂದೆ ಹೋಗಲೇಬೇಕೆಂದರೆ ರಿಷಭ, ಮಧ್ಯಮ ನುಡಿಸಿ. ಗಾಂಧಾರ ಬಂದಲ್ಲಿ ಬೆರಳು ಎತ್ತಿಬಿಡಿ, ಅಲ್ಲಿ ಕಂಠ ಒಂದೇ ಹೋಗಲಿ. ಎರಡು ಮೂರು ಸಾಲು ರೀಡಿನ ಪೇಟಿಯಾದರೆ ಒಂದೇ ಸಾಲು ತೆರೆದಿಡಿ. ಸಾಲುಗಳು ತಮ್ಮತಮ್ಮಲ್ಲೇ ತುಸು ಕೂಡದಿದ್ದರೆ ಆ ನಡುಕವೂ ಸೇರಿ ಕಂಠಕ್ಕೆ ತೊಂದರೆ ಕೊಡುತ್ತದೆ. ಪದದ ನಡುವಿನ ಬಿಡುವಿನಲ್ಲಿ ನಿಮ್ಮ ಕೈಚಳಕ ತೋರಿಸಲು ಬೇಕಾದಷ್ಟು ಜಾಗವಿದೆ.

ರೀಡು ಉಜ್ಜಿ ಗಾಂಧಾರ ಇಳಿಸಬಹುದೇ ಎಂದು ಕೇಳುವವರಿದ್ದಾರೆ. ರೀಡಿನ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಆದರೆ 45–50 ಸೆಂಟ್ ಇಳಿಸಲು ಬುಡವನ್ನು ತೀರಾ ತೆಳು ಮಾಡಬೇಕಾಗುತ್ತದೆ. ಹಿತ್ತಾಳೆ ರೀಡು ಅಲ್ಲೇ ಮುರಿಯುತ್ತದೆ. ಮುರಿಯದಿದ್ದರೂ ಇನ್ನೊಂದು ತೊಂದರೆ: ಬಿಳಿ ಒಂದಕ್ಕೆ ಗಾಂಧಾರವಾದ ಬಿಳಿ ಮೂರು, ಬಿಳಿ ಆರನ್ನು ಷಡ್ಜ ಮಾಡಿಕೊಂಡಾಗ ಪಂಚಮವಾಗುತ್ತದೆ. ಪಂಚಮ 45 ಸೆಂಟ್ ಇಳಿದ ಪೇಟಿಯನ್ನು ಯಾರೂ ಮುಟ್ಟುವುದಿಲ್ಲ. ಒಂದೇ ಷಡ್ಜಕ್ಕೆಂದು ಬೇರೆ ಹಳೆಯ ಪೇಟಿ ಇಟ್ಟುಕೊಂಡಿದ್ದರೆ ಮಾತ್ರ ಆ ದಾರಿ ಹಿಡಿಯಿರಿ, ಅದೂ ರೀಡು ಕೆಲಸ ಬಲ್ಲವರ ಕೈಯಲ್ಲಿ. ಪೇಟಿಯ ಈ ಮಿತಿ ಹೊಸ ದೂರಲ್ಲ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು 1971ರ ಹೊತ್ತಿಗೆ ಮತ್ತೆ ಒಳಗೆ ಬಿಟ್ಟಿದ್ದರ ಹಿಂದಿನ ವಾದಗಳಲ್ಲಿ ಇದೂ ಒಂದು.

ಚೀನಾದ ಜನಪದ ಗೀತೆ ಕೇಳಿದರೆ ಮೋಹನ ರಾಗ ಕೇಳಿದಂತಾಗುತ್ತದೆ. ಇಥಿಯೋಪಿಯಾದ ಹಾಡು ಕೇಳಿದಾಗಲೂ ಹಾಗೇ ಅನಿಸಿತು. ಇವೆಲ್ಲ ಒಂದೇ ಕಡೆಯಿಂದ ಹೊರಟವೇ?
— ಪದವಿ ವಿದ್ಯಾರ್ಥಿನಿ, ಬಳ್ಳಾರಿ

ಕೇಳಿದ್ದು ಸರಿ. ಆದರೆ ಒಂದೇ ಕಡೆಯಿಂದ ಹೊರಟಿರಬೇಕಾಗಿಲ್ಲ. ಷಡ್ಜದಿಂದ ಪಂಚಮ, ಆ ಪಂಚಮಕ್ಕೆ ಪಂಚಮ, ಹೀಗೆ ನಾಲ್ಕು ಸಲ ಹೋಗಿ ಸಿಕ್ಕ ಸ್ವರಗಳನ್ನು ಒಂದೇ ಸಪ್ತಕಕ್ಕೆ ಇಳಿಸಿಕೊಂಡರೆ ಸ ಪ ರಿ ಧ ಗ ಬರುತ್ತವೆ. ಪಂಚಮವನ್ನು ಕಿವಿಯಲ್ಲಿ ಹಿಡಿಯಬಲ್ಲ ಯಾವ ಜನರಿಗಾದರೂ ಈ ಐದು ಸಿಗುತ್ತವೆ. ಚೀನಾದ ಪ್ರಾಚೀನ ಗ್ರಂಥಗಳಲ್ಲಿ ಇದರ ಲೆಕ್ಕವೇ ಇದೆ. 81 ಅಳತೆಯ ಕೊಳವೆಯಿಂದ ಮೂರನೇ ಒಂದು ಭಾಗ ಕಳೆದರೆ 54; ಅದಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ 72; ಮತ್ತೆ ಕಳೆದರೆ 48; ಮತ್ತೆ ಕೂಡಿಸಿದರೆ 64. ನಮ್ಮ ಲೆಕ್ಕದಲ್ಲಿ ಇವು ಕ್ರಮವಾಗಿ ಸ, ಪ, ರಿ, ಧ, ಗ. ಅವರ ಹೆಸರು ಗೋಂಗ್, ಝ್ರ್, ಶಾಂಗ್, ಯು, ಜ್ಯುಯೆ. ಈ ಲೆಕ್ಕದ ಗಾಂಧಾರ 408 ಸೆಂಟ್. ತಂಬೂರಿಯ ಗಾಂಧಾರಕ್ಕಿಂತ 22 ಸೆಂಟ್ ಮೇಲೆ.

ಐದು ಸ್ವರ ಅಂದ ಮಾತ್ರಕ್ಕೆ ಮೋಹನವೇ ಆಗಬೇಕಿಲ್ಲ ಎಂಬುದನ್ನು ಪೇಟಿಯ ಮೇಲೆ ಐದು ನಿಮಿಷದಲ್ಲಿ ನೋಡಬಹುದು. ಕರಿ ಕೀಗಳನ್ನು ಮಾತ್ರ ನುಡಿಸಿ. ಕರಿ ಮೂರರಿಂದ (ಮೂರು ಕರಿ ಕೀಗಳ ಗುಂಪಿನ ಮೊದಲನೆಯದು) ಹೊರಟು ಅಲ್ಲೇ ನಿಂತರೆ ಭೂಪ್, ಅಂದರೆ ಮೋಹನ. ಅದೇ ಕೀಗಳಲ್ಲಿ ಕರಿ ನಾಲ್ಕನ್ನು ಷಡ್ಜ ಮಾಡಿಕೊಂಡರೆ ಮಧುಮಾದ್ ಸಾರಂಗ್, ಅಂದರೆ ಮಧ್ಯಮಾವತಿ. ಕರಿ ಐದರಿಂದ ಮಾಲ್ಕೌಂಸ್, ನಮ್ಮ ಹಿಂದೋಳ. ಕರಿ ಒಂದರಿಂದ ದುರ್ಗಾ ಅಥವಾ ಶುದ್ಧ ಸಾವೇರಿ. ಕರಿ ಎರಡರಿಂದ ಧಾನಿ ಅಥವಾ ಶುದ್ಧ ಧನ್ಯಾಸಿ. ಒಂದೇ ಐದು ಕೀ, ಐದು ಮನಸ್ಸು. ಇದು ಕಿವಿಗೆ ಹತ್ತಬೇಕೆಂದರೆ ಶ್ರುತಿಪೆಟ್ಟಿಗೆಯನ್ನು ಪ್ರತಿ ಸಲವೂ ಹೊಸ ಷಡ್ಜಕ್ಕೆ ಬದಲಿಸಲೇಬೇಕು. ಹಿಂದಿನ ಷಡ್ಜವೇ ಮೊಳಗುತ್ತಿದ್ದರೆ ಎಷ್ಟು ತಿರುಗಿಸಿದರೂ ಮೋಹನವೇ ಕೇಳುತ್ತದೆ. ಪ್ರಯೋಗ ಕೆಡುವುದು ಇಲ್ಲೇ. ಕರಿ ಐದರ ಸರದಿಯಲ್ಲಿ ಪಂಚಮ ಇಲ್ಲದ್ದರಿಂದ ಶ್ರುತಿಗೆ ಸ, ಮ ಇಟ್ಟುಕೊಳ್ಳಿ.

ನೀವು ಕೇಳಿದ ಇಥಿಯೋಪಿಯಾದ ಹಾಡು ‘ತಿಜಿತಾ’ ಎಂಬ ಧಾಟಿಯದಿರಬೇಕು. ಅದರ ಒಂದು ರೂಪ ಮೋಹನದ ಐದೇ ಸ್ವರಗಳದು. ಅಲ್ಲಿ ತಿಜಿತಾ, ಬಾತಿ, ಅಂಬಾಸೆಲ್, ಅಂಚಿಹೋಯೆ ಎಂಬ ನಾಲ್ಕು ಮುಖ್ಯ ಸ್ವರಸಾಲುಗಳಿವೆ. ಇದರಲ್ಲಿ ಅಂಬಾಸೆಲ್‌ನ ಸ್ವರಗಳು ಸ, ಕೋಮಲ ರಿ, ಮ, ಪ, ಕೋಮಲ ಧ. ಹಿಂದೂಸ್ತಾನಿಯ ಗುಣಕಲಿಯ ಸ್ವರಗಳೂ ಇವೇ, ಜಪಾನಿನ ಕೋಟೊ, ಶಾಮಿಸೆನ್ ವಾದ್ಯಗಳಲ್ಲಿ ಕೇಳುವ ‘ಮಿಯಾಕೊಬುಶಿ’ ಸಾಲೂ ಇದೇ. ಜಪಾನಿನ ದಕ್ಷಿಣದ ಒಕಿನಾವಾ ದ್ವೀಪಕ್ಕೆ ಹೋದರೆ ಸ ಗ ಮ ಪ ನಿ: ಗಂಭೀರನಾಟದ ಸ್ವರಗಳು. ಇಷ್ಟೆಲ್ಲ ಹೊಂದಿಕೆ ಕಂಡಾಗ ಸಂಬಂಧ ಕಟ್ಟುವ ಆಸೆ ಸಹಜ. ಆದರೆ ಸಾಕ್ಷಿ ಬೇಕಾದ್ದು ಸ್ವರಗಳ ಪಟ್ಟಿಯಲ್ಲಿ ಅಲ್ಲ, ಧಾಟಿಯ ನಡಿಗೆಯಲ್ಲಿ. ಹಂಗರಿಯ ಬೇಲಾ ಬಾರ್ತೋಕ್ 1936ರಲ್ಲಿ ತುರ್ಕಿಗೆ ಹೋಗಿ ಹಳ್ಳಿ ಹಾಡುಗಳನ್ನು ಧ್ವನಿಮುದ್ರಿಸಿದಾಗ ನೋಡಿದ್ದು ಇದನ್ನೇ. ಸಾಲು ಮೇಲಿನ ಸ್ವರದಲ್ಲಿ ಎದ್ದು ಇಳಿಯುತ್ತ ಬರುವ ರೀತಿ, ಪ್ರತಿ ಸಾಲು ಯಾವ ಸ್ವರದಲ್ಲಿ ಮುಗಿಯುತ್ತದೆ, ಸಾಲಿಗೆ ಎಷ್ಟು ಅಕ್ಷರ ಎಂದೆಲ್ಲ ಹಂಗರಿಯ ಹಳೆಯ ಹಾಡುಗಳ ಜೊತೆ ಇಟ್ಟು ನೋಡಿದ ಮೇಲೆ ಅವರು ನಂಟಿನ ಮಾತಾಡಿದರು.

ನಮ್ಮ ಪ್ರೌಢಶಾಲೆ ಮಕ್ಕಳಿಗೆ ಬೇರೆ ಬೇರೆ ದೇಶದ ಸ್ವರಸಾಲುಗಳನ್ನು ಕೇಳಿಸಬೇಕು. ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಬಹುದೇ?
— ವಿಜ್ಞಾನ ಶಿಕ್ಷಕರು, ಗಂಗಾವತಿ

ಒಂದೇ ತಂತಿಯ ಹಲಗೆ ಮಾಡಿ. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ.

ಹಲಗೆ 110 ಸೆಂ.ಮೀ. ಉದ್ದ, 8ರಿಂದ 10 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪ ಇರಲಿ. ಒಣಗಿದ ಸಾಗವಾನಿ ಅಥವಾ ಬೇವು ಒಳ್ಳೆಯದು. ತೆಳು ಪ್ಲೈವುಡ್ ಬಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ತಂತಿ 0.4 ಮಿ.ಮೀ. ಉಕ್ಕಿನದು, ವಾದ್ಯದ ಅಂಗಡಿಯಲ್ಲಿ ಸಿಗುತ್ತದೆ. ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಗಿಟಾರಿನ ತಿರುಪು ಕೀಲಿ. ಮರದ ಬಿರಡೆಯನ್ನು ಮಕ್ಕಳು ತಿರುಗಿಸಿ ಸಡಿಲ ಮಾಡುತ್ತಾರೆ, ಅದಕ್ಕೇ ಗಿಟಾರಿನದು ಬೇಕು. ಎರಡು ತುದಿಗೂ 15 ಮಿ.ಮೀ. ಎತ್ತರದ ಗಟ್ಟಿ ಮರದ ಕುದುರೆ ಕೂರಿಸಿ. ತಂತಿ ಕುದುರೆಗಳ ಮೇಲೆ ಮುಟ್ಟುವ ಎರಡು ಗೆರೆಗಳ ನಡುವೆ ಸರಿಯಾಗಿ 90 ಸೆಂ.ಮೀ. ಬರಬೇಕು. ಖರ್ಜದ (ಕೆಳ ಸಪ್ತಕದ) ಬಿಳಿ ಒಂದಕ್ಕೆ, ಅಂದರೆ 130.8 ಹರ್ಟ್ಸ್‌ಗೆ ಬಿಗಿದರೆ ತಂತಿಯ ಮೇಲೆ ಸುಮಾರು ಐದೂವರೆ ಕಿಲೋ ಎಳೆತ ಬೀಳುತ್ತದೆ. ಮೊಳೆಯನ್ನು ಓರೆಯಾಗಿ ಹೊಡೆಯಿರಿ, ನೆಟ್ಟಗೆ ಹೊಡೆದರೆ ಕಿತ್ತು ಬರುತ್ತದೆ. ದನಿ ಸಣ್ಣದೆನಿಸಿದರೆ ಹಲಗೆಯನ್ನು ಖಾಲಿ ತಗಡಿನ ಡಬ್ಬಿಯ ಮೇಲಿಡಿ.

ಮೂರನೆಯದು ಸರಿಸುವ ಕುದುರೆ. ಇದರ ಎತ್ತರ 15.5 ಮಿ.ಮೀ., ಅರ್ಧ ಮಿ.ಮೀ. ಮಾತ್ರ ಹೆಚ್ಚು. ಇದು ಎತ್ತರವಾದಷ್ಟೂ ತಂತಿ ಬಿಗಿಯಾಗಿ ಸ್ವರ ಏರುತ್ತದೆ. ಪರೀಕ್ಷೆ ಸುಲಭ: 45 ಸೆಂ.ಮೀ.ಗೆ ಸರಿಸಿ ಮೀಟಿದಾಗ ಮೇಲಿನ ಷಡ್ಜ ಸರಿಯಾಗಿ ಬರಬೇಕು. ಏರಿ ಬಂದರೆ ಕುದುರೆಯ ತಳ ಉಜ್ಜಿ ತಗ್ಗಿಸಿ. ಆಚೆ ಬದಿಯ ತಂತಿಯ ಮೇಲೆ ಬೆರಳು ಹಗುರವಾಗಿ ಇಟ್ಟಿರಿ, ಇಲ್ಲದಿದ್ದರೆ ಅದೂ ಮೊಳಗುತ್ತದೆ.

ಹಲಗೆಯ ಮೇಲೆ ಬಣ್ಣದ ಗೆರೆ ಎಳೆಯಲು ಅಳತೆಗಳು ಇವು, ಎಲ್ಲ ಸೆಂಟಿಮೀಟರಿನಲ್ಲಿ, ಮೀಟುವ ಬದಿಯ ಉದ್ದ. ತಂಬೂರಿಯ ಸ್ವರಗಳು: ಸ 90, ರಿ 80, ಕೋಮಲ ಗ 75, ಶುದ್ಧ ಗ 72, ಮ 67.5, ಪ 60, ಧ 54, ಕೋಮಲ ನಿ 50, ಶುದ್ಧ ನಿ 48, ಮೇಲಿನ ಸ 45. ಪೇಟಿಯ ಶುದ್ಧ ಗಾಂಧಾರಕ್ಕೆ 71.4ರಲ್ಲಿ ಇನ್ನೊಂದು ಬಣ್ಣದ ಗೆರೆ ಹಾಕಿ, ಆರು ಮಿ.ಮೀ. ಅಂತರ ಕಣ್ಣಿಗೂ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಸಿಂಧನೂರಿನವರು ಕೇಳಿದ ನಡುವಿನ ಗಾಂಧಾರ 73.6ರ ಹತ್ತಿರ.

ಜಾವಾ ದ್ವೀಪದ ಗಾಮೆಲಾನ್ ಮೇಳದ ‘ಸ್ಲೆಂದ್ರೊ’ ಸಾಲಿನಲ್ಲಿ ಐದು ಸ್ವರಗಳು ಹೆಚ್ಚುಕಡಿಮೆ ಸಮ ದೂರದಲ್ಲಿ, ತಲಾ 240 ಸೆಂಟಿನಷ್ಟು. ಅಳತೆ 90, 78.4, 68.2, 59.4, 51.7, 45. ಇದರಲ್ಲಿ ಎರಡನೆಯದು ರಿಷಭವೂ ಅಲ್ಲ, ಗಾಂಧಾರವೂ ಅಲ್ಲ. ಮಕ್ಕಳಿಗೆ ಮೊದಲ ಸಲ ಇದು ಸೂರು ತಪ್ಪಿದಂತೆ ಕೇಳುತ್ತದೆ. ಹತ್ತು ನಿಮಿಷ ಇದನ್ನೇ ನುಡಿಸಿ, ಆಮೇಲೆ ಪೇಟಿ ನುಡಿಸಿ, ಯಾವುದು ಹೇಗೆ ಕೇಳಿತು ಎಂದು ಕೇಳಿ. ಒಂದು ಎಚ್ಚರ: ಇದು ಸರಾಸರಿ ಲೆಕ್ಕ. ಗಾಮೆಲಾನಿನ ಕಂಚಿನ ಪಟ್ಟಿಗಳನ್ನು ಉಜ್ಜಿ ಶ್ರುತಿ ಮಾಡುವವರು ಒಂದೊಂದು ಮೇಳಕ್ಕೂ ಅದರದೇ ಅಂತರ ಇಡುತ್ತಾರೆ. ಒಂದು ಮೇಳದ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಿದರೆ ಕೂಡುವುದಿಲ್ಲ. ಅವರ ಇನ್ನೊಂದು ಸಾಲು ‘ಪೆಲೊಗ್’. ಅದರಲ್ಲಿ ಏಳು ಸ್ವರ, ಅಂತರಗಳು ಅಸಮ.

ಥಾಯ್ಲೆಂಡಿನ ಶಾಸ್ತ್ರೀಯ ಮೇಳದಲ್ಲಿ ಏಳು ಸ್ವರಗಳು ಹೆಚ್ಚುಕಡಿಮೆ ಸಮ ದೂರ: 90, 81.5, 73.8, 66.9, 60.6, 54.9, 49.7, 45. ಮೂರನೆಯ ಗೆರೆ 73.8 ಎಲ್ಲಿ ಬಿತ್ತು ನೋಡಿ: ತತ್ವಪದದ ಗಾಂಧಾರದ ಪಕ್ಕದಲ್ಲೇ.

ನಮ್ಮ ಕಡೆ ಬೀಸೋ ಪದದಾಗ ಮೂರು ನಾಲ್ಕು ಸ್ವರಕ್ಕಿಂತ ಹೆಚ್ಚಿಲ್ಲ. ಇದಕ್ಕ ಯಾವ ರಾಗ ಅಂತ ಬರೀಬೇಕು?
— ಹಾಡು ಸಂಗ್ರಹಿಸುವವರು, ಕುಷ್ಟಗಿ

ರಾಗದ ಹೆಸರು ಬರೆಯಬೇಡಿ. ನಿಲ್ಲುವ ಸ್ವರ ಯಾವುದು, ಅದಕ್ಕಿಂತ ಕೆಳಗೆ ಎಷ್ಟು, ಮೇಲೆ ಎಷ್ಟು ಎಂದು ಬರೆದರೆ ಸಾಕು. ಉದಾಹರಣೆಗೆ ‘ನಿಲುಗಡೆ ಸ, ಕೆಳಗೆ ಕೋಮಲ ನಿ, ಮೇಲೆ ರಿ, ಕೋಮಲ ಗ’. ಭೀಮಪಲಾಸಿ ಎಂದು ಬರೆದುಬಿಟ್ಟರೆ ಮುಂದೆ ಹಾಡುವವರು ಇಲ್ಲದ ಮಧ್ಯಮ, ಪಂಚಮಗಳನ್ನು ತಂದು ತುಂಬುತ್ತಾರೆ. ವೇದಿಕೆಗೆ ಬಂದ ಎಷ್ಟೋ ಬೀಸುವ ಪದಗಳಿಗೆ ಆಗಿರುವುದು ಇದೇ.

ಕಡಿಮೆ ಸ್ವರ ಬಡತನವಲ್ಲ. ವೇದಪಠಣ ನಡೆಯುವುದು ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರರ ಮೇಲೆ. ಲಿಥುವೇನಿಯಾದ ಹೆಂಗಸರು ಹಾಡುವ ‘ಸುತಾರ್ತಿನೆ’ಯಲ್ಲೂ ಎರಡರಿಂದ ಐದು ಸ್ವರ ಅಷ್ಟೇ. ಆದರೆ ಒಂದು ಗುಂಪು ಸ ಹಾಡುವಾಗ ಇನ್ನೊಂದು ರಿ ಹಾಡುತ್ತ, ಎರಡು ಸ್ವರ ಒತ್ತಿ ನಡುಗುವುದನ್ನೇ ಅವರು ಚಂದವೆಂದು ಹಿಡಿದಿದ್ದಾರೆ. ಯುನೆಸ್ಕೊ 2010ರಲ್ಲಿ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕರಡಿ ಮಜಲಿನಾಗ ಸನಾದಿ ನುಡಿಸ್ತೀನಿ. ಮುಂಜಾನೆ ಕೂಡಿಸಿದ ಸೂರು ಮಧ್ಯಾಹ್ನದ ಮೆರವಣಿಗೆಗೆ ಏರಿರ್ತದ, ಪೇಟಿ ಜೊತೆ ಕೂಡೂದಿಲ್ಲ. ಯಾಕ?
— ಕಲಾವಿದರು, ಯಲಬುರ್ಗಾ

ಬಿಸಿಲು. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಊದುವ ವಾದ್ಯದ ಸ್ವರ ಒಂದು ಡಿಗ್ರಿಗೆ ಸುಮಾರು 3 ಸೆಂಟ್ ಏರುತ್ತದೆ. ಮುಂಜಾನೆ 25 ಡಿಗ್ರಿ, ಮಧ್ಯಾಹ್ನ 42 ಎಂದರೆ ಲೆಕ್ಕದಲ್ಲಿ 50 ಸೆಂಟ್, ಅರ್ಧ ಕೀ. ಒಳಗೆ ನಿಮ್ಮ ಉಸಿರಿನ ಬಿಸಿ ಎರಡೂ ಹೊತ್ತಿಗೆ ಇರುವುದರಿಂದ ಅಷ್ಟೂ ಏರುವುದಿಲ್ಲ, ಆದರೂ ಸಾಕಷ್ಟು ಏರುತ್ತದೆ. ಪೇಟಿಯ ಹಿತ್ತಾಳೆ ರೀಡು ಬಿಸಿಗೆ ಏರುವುದಿಲ್ಲ, ತುಸು ಇಳಿಯುತ್ತದೆ. ಎರಡೂ ಎದುರು ದಿಕ್ಕಿಗೆ ಹೋಗುತ್ತವೆ. ಬಾಯಿಗಿಡುವ ಓಲೆ ಒಣಗಿ ಗಡುಸಾದರೂ ಸ್ವರ ಏರುತ್ತದೆ. ನೆನೆದು ಮೆತ್ತಗಾದರೆ ಇಳಿಯುತ್ತದೆ.

ಓಲೆಯನ್ನು ತುಸು ಹೊರಗೆ ಎಳೆದರೆ ಇಳಿಯುತ್ತದೆ, ನಿಜ. ಆದರೆ ಎಲ್ಲ ಸ್ವರ ಒಂದೇ ಸಮ ಇಳಿಯುವುದಿಲ್ಲ. ಬಾಯಿಗೆ ಹತ್ತಿರದ ತೂತುಗಳ ಸ್ವರ ಹೆಚ್ಚು ಇಳಿಯುತ್ತದೆ, ಏಕೆಂದರೆ ಅಲ್ಲಿ ಕೊಳವೆಯ ಉದ್ದವೇ ಕಡಿಮೆ, ಒಂದು ಮಿ.ಮೀ. ಕೂಡ ದೊಡ್ಡ ಪಾಲು. ಆದ್ದರಿಂದ ಎಳೆಯುವುದು ಕಡಿಮೆ ಇರಲಿ. ಯಾವ ತೂತು ಏರಿದೆಯೋ ಅದರ ಮೇಲಂಚಿಗೆ, ಅಂದರೆ ಬಾಯಿಯ ಕಡೆಯ ಅಂಚಿಗೆ, ಅಕ್ಕಿಕಾಳಿನಷ್ಟು ಮೇಣ ಹಚ್ಚಿ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ನುಡಿಸುವವರು ಇದೇ ಕೆಲಸವನ್ನು ಅಂಟುಪಟ್ಟಿಯಿಂದ ಮಾಡುತ್ತಾರೆ.

ಆ ವಾದ್ಯದ ಬಗ್ಗೆ ತಿಳಿದುಕೊಂಡರೆ ನಿಮಗೆ ಧೈರ್ಯ ಬರುತ್ತದೆ. ಅದಕ್ಕೆ ಒಂಬತ್ತೇ ಸ್ವರ. ಸಾಲು ನಮ್ಮ ಖಮಾಜ್ ಥಾಟಿನದು, ಹರಿಕಾಂಭೋಜಿಯ ಹಾಗೆ ನಿಷಾದ ಕೋಮಲ. ಮೂರು ಶ್ರುತಿ ಕೊಳವೆಗಳು ಷಡ್ಜವನ್ನು ಬಿಡದೆ ಮೊಳಗಿಸುತ್ತವೆ. ಪ್ರತಿ ಸ್ವರವನ್ನೂ ಆ ಮೊಳಗಿಗೆ ಕೂಡಿಸಿಕೊಳ್ಳುತ್ತಾರೆ, ಪಿಯಾನೊಗೆ ಅಲ್ಲ. ಬರೆಯುವಾಗ ಷಡ್ಜಕ್ಕೆ ‘ಎ’ ಎಂದು ಹೆಸರು, ಆದರೆ ಇವತ್ತಿನ ಮೇಳಗಳಲ್ಲಿ ಅದು 440 ಅಲ್ಲ, 470–480 ಹರ್ಟ್ಸ್. ಮೇಳದೊಳಗೆ ಕೂಡಿದರೆ ಅವರಿಗೆ ಸಾಕು. ನೀವೂ ಮೆರವಣಿಗೆಯಲ್ಲಿ ಪೇಟಿ ಬಿಟ್ಟು ಶ್ರುತಿ ಹಿಡಿಯಲು ಇನ್ನೊಂದು ಸನಾದಿ ಇಟ್ಟುಕೊಳ್ಳಿ. ಬಿಸಿಲಿಗೆ ಎರಡೂ ಒಟ್ಟಿಗೆ ಏರುತ್ತವೆ, ಸೂರು ಕೆಡುವುದಿಲ್ಲ.

ಅಲಾಯಿ (ಮೊಹರಂ) ಹಬ್ಬದ ರಿವಾಯತ್ ಪದಗಳಲ್ಲಿ ಒಂದು ಧಾಟಿ ಅರಬ್ಬರ ಹಾಡಿನಂತೆ ಕೇಳುತ್ತದೆ. ಸಂಗೀತ ಬಲ್ಲವರೊಬ್ಬರು ಅದು ಮಾಯಾಮಾಳವಗೌಳ ಎಂದರು. ಯಾವುದು ಸರಿ?
— ಓದುಗರು, ಮಾನ್ವಿ

ಎರಡಕ್ಕೂ ಕಾರಣ ಕೆಳಗಿನ ನಾಲ್ಕು ಸ್ವರ: ಸ, ಕೋಮಲ ರಿ, ಶುದ್ಧ ಗ, ಮ. ರಿಷಭದಿಂದ ಗಾಂಧಾರಕ್ಕೆ ದೊಡ್ಡ ಜಿಗಿತ. ಅರಬ್ಬರು ಇದನ್ನು ‘ಹಿಜಾಜ್’ ಎನ್ನುತ್ತಾರೆ. ಪೂರ್ವ ಯುರೋಪಿನ ಯಹೂದಿಗಳ ಮದುವೆ ಸಂಗೀತದಲ್ಲಿ, ಸ್ಪೇನಿನ ಫ್ಲಮೆಂಕೊದಲ್ಲಿ, ಬಾಲ್ಕನ್ ಹಳ್ಳಿಗಳಲ್ಲಿ ಇದೇ ಇದೆ. ನಮ್ಮಲ್ಲಿ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆಯನ್ನು ಮಕ್ಕಳು ಕಲಿಯುವುದೂ ಈ ನಾಲ್ಕರಿಂದಲೇ.

ಬೇರೆ ಮಾಡಿ ನೋಡಲು ಮೂರು ಕಡೆ ಕಿವಿಗೊಡಿ. ನಿಷಾದ ಕೋಮಲವೋ ಶುದ್ಧವೋ? ಮಾಯಾಮಾಳವಗೌಳದಲ್ಲಿ ಶುದ್ಧ. ಹಿಜಾಜಿನಲ್ಲಿ ಸಾಮಾನ್ಯವಾಗಿ ಕೋಮಲ, ನಮ್ಮ ಬಸಂತ್ ಮುಖಾರಿ ಅಥವಾ ವಕುಳಾಭರಣದಂತೆ. ಎರಡನೆಯದು ಜಿಗಿತದ ಅಗಲ. ಅರಬ್ ಹಾಡುಗಾರರು ರಿಷಭವನ್ನು ತುಸು ಏರಿಸಿ ಗಾಂಧಾರವನ್ನು ತುಸು ಇಳಿಸುವುದುಂಟು, ಜಿಗಿತ 300 ಸೆಂಟಿಗಿಂತ ಕಿರಿದಾಗುತ್ತದೆ. ಮಾಯಾಮಾಳವಗೌಳದ ಸ್ವರಗಳೇ ಇರುವ ಹಿಂದೂಸ್ತಾನಿ ಭೈರವದಲ್ಲಿ ರಿಷಭ ಕೆಳಗೇ ತೂಗಾಡುತ್ತದೆ. ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಪದ ಮುಗಿಯುವ ರೀತಿ. ರಿವಾಯತ್ ಪದಗಳು ಕನ್ನಡದವು, ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಹಾಡುವವು. ಸಾಲಿನ ಅಳತೆ, ಪಲ್ಲವಿ ಮತ್ತೆ ಎತ್ತಿಕೊಳ್ಳುವ ರೀತಿ ಇಲ್ಲಿನ ಲಾವಣಿ, ಗೀಗೀ ಪದಗಳ ಹಾಗಿದ್ದರೆ, ಸ್ವರ ಎಲ್ಲಿಯದೇ ಇರಲಿ, ಧಾಟಿ ಇಲ್ಲಿನದೇ. ನಾಲ್ಕು ಸ್ವರ ಹಿಡಿದು ಹಾಡಿನ ಊರು ಹೇಳಲು ಆಗುವುದಿಲ್ಲ.

ಒಬ್ಬನೇ ಎರಡು ದನಿ ಹಾಡುವ, ರಷ್ಯಾದ ತುವಾ ಸೀಮೆಯ ವಿಡಿಯೊ ನೋಡಿದೆ. ಮೇಲಿನ ಸಿಳ್ಳೆಯಂಥ ದನಿ ಯಾವ ರಾಗ?
— ಐಟಿಐ ವಿದ್ಯಾರ್ಥಿ, ಬಳ್ಳಾರಿ

ಅವರು ಒಂದೇ ಖರ್ಜ ಹಿಡಿದು ಅದರೊಳಗೆ ತಾನಾಗಿ ಇರುವ ಮೇಲಿನ ಸ್ವರಗಳನ್ನು ನಾಲಿಗೆ, ತುಟಿಗಳ ಆಕಾರದಿಂದ ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಖರ್ಜದ 6, 8, 9, 10, 12 ಪಟ್ಟಿನ ಸ್ವರಗಳೇ ಹೆಚ್ಚು ಬಳಕೆ: ಪ, ಸ, ರಿ, ಗ, ಪ. ಏಳನೆಯದು ತಗ್ಗಿದ ಕೋಮಲ ನಿಷಾದ, 969 ಸೆಂಟ್. ಹನ್ನೊಂದನೆಯದು ಶುದ್ಧ, ತೀವ್ರ ಮಧ್ಯಮಗಳ ನಡುವಿನ 551 ಸೆಂಟ್. ಇವೆರಡನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ.

ನಾರ್ವೆಯ ಹಳ್ಳಿಗರು ವಿಲ್ಲೋ ಮರದ ತೊಗಟೆಯಿಂದ ಮಾಡುವ ಕೊಳಲಿನಲ್ಲಿ ಆ ಹನ್ನೊಂದನೆಯದನ್ನು ದಾಟುವುದಿಲ್ಲ, ಅದೇ ಅದರ ರುಚಿ. ಆ ಕೊಳಲಿಗೆ ಬೆರಳಿನ ತೂತೇ ಇಲ್ಲ. ಕೆಳತುದಿ ತೆರೆದು ಊದಿದರೆ ಸಮಸಂಖ್ಯೆಯ ಸ್ವರಗಳು, ಬೆರಳಿನಿಂದ ಮುಚ್ಚಿ ಊದಿದರೆ ಬೆಸಸಂಖ್ಯೆಯವು. ಎರಡನ್ನೂ ಕೂಡಿಸಿ ಧಾಟಿ ಕಟ್ಟುತ್ತಾರೆ. ವೈರಿಂಗಿನ 20 ಮಿ.ಮೀ. ಪಿವಿಸಿ ಪೈಪು 65 ಸೆಂ.ಮೀ. ಕತ್ತರಿಸಿ, ಪೀಪಿಯಂಥ ಬಾಯಿ ಮಾಡಿ ನೀವೇ ನೋಡಬಹುದು. ಮೆಲ್ಲಗೆ ಊದಿದರೆ ಕೆಳಸ್ವರ, ಬಿರುಸಾದಷ್ಟೂ ಮೇಲಿನವು. ಪೈಪು ಗಿಡ್ಡವಾದರೆ ಮೇಲಿನ ಸ್ವರಗಳು ಸಿಗುವ ಮೊದಲೇ ದನಿ ಕೀರಲಾಗುತ್ತದೆ.

ನಮ್ಮೂರ ಬುರ್ರಕಥೆ, ಸೋಬಾನೆ ಹಾಡುವ ಮುದುಕಿಯರ ದನಿ ಹಿಡಿದಿಡಬೇಕು. ಸ್ವರ ಅಳೆಯಲು ಬರುವಂತೆ ಧ್ವನಿಮುದ್ರಣ ಹೇಗೆ? ಹಳೆಯ ಕ್ಯಾಸೆಟ್ಟುಗಳೂ ಇವೆ.
— ಸಂಶೋಧನಾ ವಿದ್ಯಾರ್ಥಿ, ಸಂಡೂರು

ಬೇಗ ಮಾಡಿ. ಬುರ್ರಕಥೆ ಕಲಾವಿದೆ ದರೋಜಿ ಈರಮ್ಮನವರಂಥವರು ಹಾಡಿದ ಕಾವ್ಯಗಳು ಅಚ್ಚಿಗೆ ಬಂದಿವೆ. ಅಚ್ಚಿನಲ್ಲಿ ಮಾತು ಉಳಿಯುತ್ತದೆ, ಅವರ ಗಾಂಧಾರ ಉಳಿಯುವುದಿಲ್ಲ.

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಡಬ್ಲ್ಯುಎವಿ (WAV) ಕಡತದ ರೂಪದಲ್ಲಿ ಮುದ್ರಿಸಿ. ಹಾಡುವವರ ಬಾಯಿಯಿಂದ ಒಂದು ಮೊಳದಷ್ಟು ದೂರ, ತುಸು ಓರೆಗೆ ಇಡಿ. ಪೇಟಿ ಬೇಡ, ಶ್ರುತಿಪೆಟ್ಟಿಗೆಯೂ ಬೇಡ. ಕೇಳಿದ ಕೂಡಲೇ ಅವರ ಸ್ವರ ಅದರ ಕಡೆ ಸರಿಯುತ್ತದೆ. ಹಾಡುವ ಮೊದಲು ಪದ ಮುಗಿಯುವ ಸ್ವರವನ್ನು ಒಂದು ಸಲ ಗುನುಗಲು ಕೇಳಿ. ವಾದ್ಯ ಇದ್ದೇ ಹಾಡುವ ಬುರ್ರಕಥೆಯಲ್ಲಿ ಒಂದು ಮೊಬೈಲು ಕಂಠಕ್ಕೆ, ಇನ್ನೊಂದು ಮೇಳಕ್ಕೆ.

ಅಳೆಯಲು ಪ್ರಾಟ್ ಎಂಬ ಉಚಿತ ತಂತ್ರಾಂಶ ಸಾಕು. ಕನಿಷ್ಠ ಕಾಲು ಸೆಕೆಂಡು ನೆಟ್ಟಗೆ ನಿಂತ ಸ್ವರಗಳನ್ನು ಮಾತ್ರ ತೆಗೆದುಕೊಳ್ಳಿ, ಜಾರು ಬಿಡಿ. ಸೆಂಟ್ ಲೆಕ್ಕ: ಸ್ವರದ ಹರ್ಟ್ಸನ್ನು ಷಡ್ಜದ ಹರ್ಟ್ಸಿನಿಂದ ಭಾಗಿಸಿ, ಅದರ ಲಾಗರಿದಮ್ ತೆಗೆದು 2ರ ಲಾಗರಿದಮ್‌ನಿಂದ ಭಾಗಿಸಿ, 1200ರಿಂದ ಗುಣಿಸಿ. ಷಡ್ಜ 196, ಗಾಂಧಾರ 240 ಎಂದಿದ್ದರೆ 351 ಸೆಂಟ್ ಬರುತ್ತದೆ. ಒಂದೇ ಸಲ ಅಳೆದು ತೀರ್ಮಾನಿಸಬೇಡಿ. ಒಂದು ಸ್ವರಕ್ಕೆ ಇಪ್ಪತ್ತು ಮೂವತ್ತು ಕಡೆ ಅಳೆದು ಎಲ್ಲಿ ಗುಂಪಾಗುತ್ತವೆ ನೋಡಿ. ತಪ್ಪಾಗುವುದು ಹೆಚ್ಚಾಗಿ ಷಡ್ಜದಲ್ಲಿ. ಶ್ರುತಿ ಇಲ್ಲದೆ ಹಾಡುವವರ ಷಡ್ಜ ಹಾಡು ಬೆಳೆದಂತೆ ಏರುತ್ತದೆ. ಮೊದಲ ನುಡಿಯ ಷಡ್ಜಕ್ಕೆ ಹತ್ತನೆಯ ನುಡಿಯ ಗಾಂಧಾರ ಅಳೆದರೆ ಎಲ್ಲವೂ ಏರಿದಂತೆ ಕಾಣುತ್ತದೆ. ಪ್ರತಿ ನುಡಿಯನ್ನು ಅದರದೇ ಷಡ್ಜಕ್ಕೆ ಅಳೆಯಿರಿ.

ಕ್ಯಾಸೆಟ್ಟಿನ ವೇಗ ನಂಬುವಂತಿಲ್ಲ. ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಇದ್ದರೆ ಅದನ್ನು ಅಳೆಯಿರಿ. ಅದು 50 ಹರ್ಟ್ಸ್ ಇರಬೇಕು. 52 ತೋರಿಸಿದರೆ ಟೇಪು ಶೇಕಡಾ 4 ಬಿರುಸಾಗಿ ಓಡುತ್ತಿದೆ, ಎಲ್ಲ ಸ್ವರ 68 ಸೆಂಟ್ ಏರಿದೆ. ಕರೆಂಟೇ ಏರಿಳಿಯುತ್ತಿದ್ದ ದಿನಗಳ ಟೇಪಾದರೆ ಈ ಲೆಕ್ಕವನ್ನು ಅಂದಾಜಿಗಷ್ಟೇ ಇಟ್ಟುಕೊಳ್ಳಿ. ಸಮಾಧಾನದ ಸಂಗತಿ ಎಂದರೆ, ವೇಗ ಒಂದೇ ಸಮ ತಪ್ಪಿದ್ದರೆ ಸ್ವರಸ್ವರಗಳ ನಡುವಿನ ಅಂತರ ಕೆಡುವುದಿಲ್ಲ, ಸಾಲು ಇದ್ದಂತೆಯೇ ಇರುತ್ತದೆ. ಕೆಡುವುದು ನಡುನಡುವೆ ವೇಗ ಬದಲಾದಾಗ. ಅಂಥ ಕಡೆ ಗುಂಯ್‌ದನಿಯೂ ಅಲುಗುತ್ತದೆ, ಆ ತುಣುಕು ಬಿಟ್ಟುಬಿಡಿ.

ಹಾಡಿದವರ ಒಪ್ಪಿಗೆ ಪಡೆದು, ಊರು, ಸಂದರ್ಭ, ಜೊತೆಗೆ ಯಾರಿದ್ದರು ಎಂಬುದನ್ನು ಕಡತದ ಹೆಸರಿನಲ್ಲೇ ಬರೆದಿಡಿ. ಬೀಸುವ ಪದ ಸಿಕ್ಕರೆ ಕಲ್ಲು ತಿರುಗಿಸುತ್ತ ಒಂದು ಸಲ, ಸುಮ್ಮನೆ ಕೂತು ಒಂದು ಸಲ ಹಾಡಿಸಿ, ಎರಡನ್ನೂ ಬೇರೆ ಬೇರೆ ಅಳೆಯಿರಿ.